ಲಿಂಗದಲ್ಲಿ ಕಂಡ ಬೆಳಕು

ನನಗೆ 23 ವರ್ಷ ಇದ್ದಾಗ ಲಿಂಗದಲ್ಲಿ ಬೆಳಕು ಕಾಣ್ಸೋಕೆ ಶುರುವಾಯ್ತು. 1999ರ ಶ್ರಾವಣ ಮಾಸ. ನಮ್ಮನೇಲಿ ಬೆಳಿಗ್ಗೆ ಐದೂವರೆಗೆ ಇಷ್ಟಲಿಂಗ ಪೂಜೆ, ಅಪ್ಪ ಕೂರಿಸಿ ಕಲಿಸಿದ್ದು. ಸ್ನಾನ ಮಾಡಿ ವಿಭೂತಿ ಹಚ್ಕೊಂಡು, ಕರಡಿಗೆಯಿಂದ ಲಿಂಗ ತೆಗೆದು ಎಡಗೈ ಅಂಗೈಯಲ್ಲಿ ಇಟ್ಕೊಂಡು, ನೀರು ಪತ್ರೆ ಎಲ್ಲಾ ಆದ್ಮೇಲೆ ಆ ಕೈನ ಕಣ್ಣಿನ ಮಟ್ಟಕ್ಕೆ ತಂದು ರೆಪ್ಪೆ ಬಡೀದೆ ನೋಡ್ತಾ ಕೂರೋದು. ಗೊತ್ತಿಲ್ಲದವರಿಗೆ ಹೇಳ್ತೀನಿ, ಇಷ್ಟಲಿಂಗದ ಒಳಗಡೆ ಸಣ್ಣ ಕಲ್ಲಿನ ಲಿಂಗ ಇರುತ್ತೆ, ಅದರ ಮೇಲೆ ಕಪ್ಪು ಕವಚ, ನಮ್ಮ ಕಡೆ ಅದಕ್ಕೆ ಕಂತಿ ಅಂತಾರೆ, ಹೊಸದಾಗಿ ಕಟ್ಟಿಸಿದಾಗ ಅದು ಕನ್ನಡಿ ಥರ ಹೊಳೆಯುತ್ತೆ. ನಂದು ಆಗ ಹೊಸದು.

ಐದಾರು ನಿಮಿಷ ಹಾಗೇ ನೋಡ್ತಾ ಕೂತ್ರೆ ಸುತ್ತಲಿನ ಗೋಡೆ, ಜಗುಲಿ, ನನ್ನ ಬೆರಳು ಕೂಡ ಮಸುಕಾಗಿ, ಆ ಕಪ್ಪಿನ ನಡುವೆ ಸಾಸಿವೆ ಕಾಳಿನಷ್ಟು ಒಂದು ಬೆಳಕು ಮಾತ್ರ ಉಳೀತಿತ್ತು. ಅದು ನಡುಗೋದು, ದೊಡ್ಡದಾಗೋದು, ಒಮ್ಮೊಮ್ಮೆ ಅದರ ಸುತ್ತ ನೀಲಿ ಬಳೆ ಥರ ಕಾಣೋದು. ಕಣ್ಣಲ್ಲಿ ನೀರು ಬರ್ತಿತ್ತು. ಇದೇ ದೇವರು, ನನಗೆ ಕಾಣಿಸ್ಕೊಂಡ ಅಂತ ನನಗೆ ಒಂದು ಎಳ್ಳಷ್ಟೂ ಅನುಮಾನ ಇರಲಿಲ್ಲ. ನಾಲ್ಕು ವರ್ಷ ಅನುಮಾನ ಇರಲಿಲ್ಲ.

ಸುಮ್ನಿದ್ರೆ ಪರವಾಗಿಲ್ಲ, ನಾನು ಹೇಳ್ಕೊಂಡು ಓಡಾಡ್ದೆ. ನಮ್ಮ ದೊಡ್ಡವ್ವ ಮನೆಗೆ ಬಂದಾಗ ಜೊತೆಗೇ ಪೂಜೆಗೆ ಕೂರೋರು, ಅವರಿಗೆ ಆಗ ಎರಡೂ ಕಣ್ಣಿಗೆ ಪೊರೆ. ಒಂದಿನ ನಾನೇ ಕೇಳ್ದೆ, ನಿಮಗ ಬೆಳಕು ಕಾಣ್ಸತದೇನ ದೊಡ್ಡವ್ವ ಅಂತ. ಇಲ್ಲವಾ, ನನಗ ಎಂದೂ ಕಂಡಿಲ್ಲ ಅಂದ್ರು. ಅದಕ್ಕೆ ನಾನು ಅಂದ ಮಾತು ಇವತ್ತಿಗೂ ಎದೆಯೊಳಗೆ ಚುಚ್ಚುತ್ತೆ: "ಮನಸ್ಸು ಗಟ್ಟಿ ಇರಬೇಕ್ರಿ ದೊಡ್ಡವ್ವ, ಭಕ್ತಿ ಪೂರಾ ಇದ್ರ ಕಾಣ್ಸತದ." ಅವರು ಏನೂ ಅನ್ನಲಿಲ್ಲ, ಲಿಂಗಾನ ಕರಡಿಗೆಗೆ ಹಾಕಿ ಶಿವದಾರ ಕೊರಳಿಗೆ ಹಾಕ್ಕೊಂಡು ಎದ್ದು ಅಡುಗೆಮನೆಗೆ ಹೋದ್ರು. ನಲವತ್ತು ವರ್ಷದಿಂದ ಒಂದು ದಿನ ತಪ್ಪದೆ ಪೂಜೆ ಮಾಡಿದ ಹೆಂಗಸಿಗೆ, ಬೆಳಕು ಕಂಡು ನಾಲ್ಕು ವರ್ಷವೂ ತುಂಬದ ನಾನು ಭಕ್ತಿ ಸಾಲದು ಅಂತ ಹೇಳಿದ್ದೆ.

2003ರಲ್ಲಿ, ಬಸವ ಜಯಂತಿಗೆ ಇನ್ನೂ ಒಂದು ವಾರ ಇತ್ತು, ಬೆಳಗಿನ ಜಾವ ಗಾಳಿ ಜೋರಾಗಿ ದೀಪ ಆರೋ ಹಾಗಾಯ್ತು ಅಂತ ಬಲಗಡೆ ಇದ್ದ ದೀಪಾನ ಎಡಗಡೆ ಇಟ್ಟೆ. ಮತ್ತೆ ನೋಡಿದ್ರೆ ಲಿಂಗದ ಬಲಭಾಗದಲ್ಲಿ ಇರ್ತಿದ್ದ ಬೆಳಕು ಎಡಭಾಗಕ್ಕೆ ಬಂದಿದೆ. ದೀಪ ತಂದು ಮತ್ತೆ ಬಲಕ್ಕಿಟ್ಟೆ, ಬೆಳಕೂ ಬಲಕ್ಕೆ ಬಂತು. ಹಿಂದಕ್ಕಿಟ್ಟೆ. ಕೊನೆಗೆ ಬಲಗೈನ ದೀಪಕ್ಕೆ ಅಡ್ಡ ಹಿಡಿದೆ, ಇಲ್ಲವೇ ಇಲ್ಲ, ಬರೀ ಕಪ್ಪು. ಕೈ ತೆಗೆದ್ರೆ ಮತ್ತೆ ಇದೆ. ಎಷ್ಟು ಸಲ ಹೀಗೆ ಮಾಡ್ದೆನೋ ಗೊತ್ತಿಲ್ಲ, ಲಿಂಗ ಹಿಡಿದ ಎಡಗೈ ನಡುಗ್ತಾ ಇತ್ತು.

ಅಪ್ಪ ಅಂಗಳದಲ್ಲಿ ಚಹಾ ಕುಡೀತಾ ಪೇಪರ್ ಓದ್ತಿದ್ರು. ಹೋಗಿ ಕೇಳ್ದೆ.

"ಅಪ್ಪಾ, ಲಿಂಗದಾಗ ಕಾಣೂ ಬೆಳಕು ದೀಪದ್ದೇನ್ರಿ?"

"ದೀಪದ್ದ ಮತ್ತ. ಯಾರದಂತ ತಿಳಕೊಂಡಿದ್ದಿ?"

"ಮತ್ತ ದಿನಾ ನೋಡಾಕ ಯಾಕ ಕಲಿಸಿದ್ರಿ?"

"ಕಣ್ಣ ನಿಂದರಲಿ ಅಂತ. ಕಣ್ಣ ನಿಂತ್ರ ಮನಸ ನಿಂದರತದ. ಅದು ಕುರುಹವಾ. ಕುರುಹನ್ನ ಹಿಡಕೊಂಡ ಕುಂತ್ರ ಅರಿವು ಯಾವಾಗ ಆಗಬೇಕು?"

ಕುರುಹು, ಅರಿವು ಎರಡೂ ಮಾತು ನಾನು ಹುಟ್ಟಿದಾಗಿಂದ ಕೇಳಿದ್ದೇ. ವಚನಗಳ ತುಂಬಾ ಇರೋ ಮಾತುಗಳು, ಭಾಷಣ ಸ್ಪರ್ಧೇಲಿ ನಾನೇ ಬಾಯಿಪಾಠ ಹೇಳಿ ಪ್ರೈಜ್ ತಗೊಂಡಿದೀನಿ. ಆದ್ರೆ ಅವತ್ತಿನ ತನಕ ಅದು ನನ್ನ ಮೇಲೆ ಹೇಳಿದ ಮಾತು ಅಂತ ಅನಿಸಿರಲಿಲ್ಲ.

ಅವತ್ತು ನಾನು ಪೂಜೆ ಬಿಡಲಿಲ್ಲ, ಅದಕ್ಕೆ ಕಾರಣ ಅಪ್ಪ. ಅವರಿಗೆ ಮೊದಲಿಂದ ಗೊತ್ತಿದ್ದೂ ಅಷ್ಟು ವರ್ಷ ಕೂತಿದ್ರಲ್ಲ. ಆದ್ರೆ ಒಂದು ಪ್ರಶ್ನೆ ಹುಟ್ಕೊಳ್ತು: ನಾಲ್ಕು ವರ್ಷ ಅಷ್ಟು ಖಚಿತವಾಗಿದ್ದೆನಲ್ಲ, ಅದು ತಪ್ಪಾಗಿತ್ತು ಅಂದ್ರೆ ಈಗ ನನಗೆ ಖಚಿತ ಅನಿಸ್ತಿರೋದರಲ್ಲಿ ಯಾವುದು ದೀಪ, ಯಾವುದು ದೇವರು?

ಅದಕ್ಕೆ ನಾನು ಮಾಡ್ಕೊಂಡ ಉಪಾಯ ಬಹಳ ಸಣ್ಣದು. 200 ಪುಟದ ಒಂದು ಗೆರೆ ನೋಟ್‌ಬುಕ್ ತಗೊಂಡೆ. ಪ್ರತಿ ವರ್ಷ ಬಸವ ಜಯಂತಿ ದಿನ ಪೂಜೆ ಆದ ಕೂಡ್ಲೆ ಒಂದು ಪುಟ, "ದೇವರು ಅಂದ್ರೆ ನನಗೆ ಏನು" ಅಂತ. ನಿಯಮ ಒಂದೇ, ಬರೆಯೋಕೆ ಮುಂಚೆ ಹಳೇ ಪುಟ ತಿರುಗಿಸಬಾರದು. ಬರೆದು ಮುಗಿಸಿ, ಆಮೇಲೆ ಮೊದಲಿಂದ ಎಲ್ಲಾ ಓದಬೇಕು.

2003ರ ಪುಟದಲ್ಲಿ ದೇವರು ನಿರಾಕಾರ, ಕಾಣೋದು ಯಾವುದೂ ದೇವರಲ್ಲ ಅಂತ ಬರ್ದಿದೀನಿ. ಹಿಂದಿನ ವಾರ ಪೆಟ್ಟು ತಿಂದವಳು ಅಷ್ಟು ಬೇಗ ಇನ್ನೊಂದು ಖಚಿತಕ್ಕೆ ಹೋಗಿ ಕೂತಿದ್ದೆ. 2004, 2005ರಲ್ಲಿ ದೇವರು ಕೇಳಿದ್ದು ಕೊಡ್ತಾನೆ, ಕೊಡದಿದ್ರೆ ಅದರಲ್ಲೂ ನಮಗೆ ಒಳ್ಳೇದೇ ಇರುತ್ತೆ ಅಂತ ಇದೆ. 2006ರಲ್ಲಿ ಐದು ತಿಂಗಳಿಗೆ ನನ್ನ ಮಗು ಹೋಯ್ತು. ಆ ವರ್ಷದ ಪುಟದಲ್ಲಿ ತಾರೀಕು ಬಿಟ್ರೆ ಒಂದೇ ಸಾಲು, "ಬರಿಯೋಕೆ ಏನೂ ಇಲ್ಲ". ಬಂದವರು ಕೆಲವರು ಹಿಂದಿನ ಜನ್ಮದ ಕರ್ಮ ಅಂದ್ರು, ಕೆಲವರು ದೇವರು ಒಳ್ಳೇದಕ್ಕೇ ಮಾಡಿರ್ತಾನೆ ಅಂದ್ರು, ಎಲ್ಲರಿಗೂ ಬಹಳ ಖಚಿತ ಇತ್ತು. ಹಿಂದಿನ ವರ್ಷ ನಾನೇ ಬರ್ದಿದ್ದ ಮಾತನ್ನ ಅವರ ಬಾಯಲ್ಲಿ ಕೇಳಿಸ್ಕೊಂಡಾಗ ಅದು ಎಂಥ ಮಾತು ಅಂತ ಗೊತ್ತಾಯ್ತು. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲ್ಲ.

2010-11ರ ಹೊತ್ತಿಗೆ ವಚನ ಓದೋದು ಜಾಸ್ತಿ ಆಯ್ತು, ಆ ಪುಟಗಳಲ್ಲಿ ದೇವರು ಅಂದ್ರೆ ಕಾಯಕ, ದಾಸೋಹ, ಗುಡಿಗೆ ಹೋಗೋರು ಅಜ್ಞಾನಿಗಳು ಅಂತ ಬಹಳ ಗಟ್ಟಿಯಾಗಿ ಬರ್ದಿದೀನಿ. ಗಟ್ಟಿಯಾಗಿ ಅಂದ್ರೆ ನಿಜವಾಗ್ಲೂ, ಪೆನ್ ಎಷ್ಟು ಒತ್ತಿದೀನಿ ಅಂದ್ರೆ ಹಾಳೆ ಹಿಂದೆ ಬೆರಳಾಡಿಸಿದ್ರೆ ಅಕ್ಷರ ಕೈಗೆ ಸಿಗುತ್ತೆ. ಆಮೇಲೆ ಗಮನಿಸ್ದೆ, 2003ರ ಪುಟವೂ ಹಾಗೇ, 2005ರದೂ ಹಾಗೇ. ಒಂದಕ್ಕೊಂದು ಕೂಡದ ಮೂರು ಮಾತು, ಮೂರನ್ನೂ ಅಷ್ಟೇ ಒತ್ತಿ ಬರ್ದಿದೀನಿ. ನನಗೆ ನೋಟ್‌ಬುಕ್ ಹೇಳಿಕೊಟ್ಟಿದ್ದು ಮುಖ್ಯವಾಗಿ ಇದೇ. ಖಚಿತ ಅನಿಸೋದು ನನ್ನ ಮನಸ್ಸಿನ ಬಲ, ಅದು ಸರಿ ಇರೋದಕ್ಕೂ ತಪ್ಪಿರೋದಕ್ಕೂ ಒಂದೇ ಥರ ಬರುತ್ತೆ, ಅದನ್ನ ಸಾಕ್ಷಿ ಅಂತ ನಿಲ್ಲಿಸೋಕಾಗಲ್ಲ.

ಹಾಗಾದ್ರೆ ಶರಣರು ಹೇಳಿದಾರಲ್ಲ, ಅದನ್ನ ನಂಬಿದ್ರೆ ಆಯ್ತಲ್ಲ ಅಂತ ನನ್ನ ಗೆಳತಿ ಒಬ್ಬಳು ಕೇಳ್ತಾಳೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಅಲ್ಲಿಗೆ ಹೋದ್ರೂ ಪ್ರಶ್ನೆ ನಮ್ಮ ಜೊತೇನೇ ಬರುತ್ತೆ. 12ನೇ ಶತಮಾನದ ವಚನಗಳು ತಾಳೆಗರಿಯಲ್ಲಿ ಮಠ, ಮನೆಗಳಲ್ಲಿ ಉಳಿದಿದ್ದವು, ಫ.ಗು. ಹಳಕಟ್ಟಿಯವರು ವಕೀಲಿಕೆ ಮಾಡ್ತಾ ಊರೂರು ತಿರುಗಿ ಅವನ್ನ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರ ಅಂತ ಅಚ್ಚು ಹಾಕಿಸದೇ ಇದ್ದಿದ್ರೆ ನನ್ನಂಥವಳ ಕೈಗೆ ಅವು ಬರ್ತಿರಲಿಲ್ಲ. ನಡುವಿನ ಏಳೆಂಟು ಶತಮಾನ ಎಷ್ಟೋ ಕೈ ಬರ್ಕೊಂಡು ಬಂದಿವೆ. ಅಲ್ಲಮಪ್ರಭುಗಳ ಸುತ್ತ ಶರಣರ ಮಾತುಕತೆ ಹೆಣೆದಿರೋ ಶೂನ್ಯಸಂಪಾದನೆ ಇದೆಯಲ್ಲ, ಅದನ್ನೇ ನಾಲ್ಕು ಜನ ನಾಲ್ಕು ಸಲ ಕೂಡಿಸಿದಾರೆ. ಸೊನ್ನಲಿಗೆಯ ಸಿದ್ಧರಾಮರು ಇಷ್ಟಲಿಂಗ ದೀಕ್ಷೆ ತಗೊಂಡ್ರಾ ಇಲ್ಲವಾ ಅನ್ನೋದರಲ್ಲೇ ಅವು ಒಂದಾಗಲ್ಲ. ಮೊದಲನೇದರಲ್ಲಿ ಇಲ್ಲದ ದೀಕ್ಷೆ ಪ್ರಸಂಗ ಆಮೇಲಿನವರು ಸೇರಿಸಿದ್ರು, ಅದರ ಮೇಲೆ ಇವತ್ತಿಗೂ ವಾದ ನಡೆಯುತ್ತೆ. ಯೋಚನೆ ಮಾಡಿ, ಕೊರಳಲ್ಲಿ ಲಿಂಗ ಇಲ್ಲದೇ ಕೆರೆ ಕಟ್ಟಿಸ್ತಾ ದೇವರನ್ನ ಕಂಡವರು ಒಬ್ಬರು ಇದ್ರು ಅಂತ ಒಪ್ಪೋದು ನಮ್ಮವರಿಗೆ ಆಗಲೇ ಕಷ್ಟ ಆಗಿತ್ತು.

ಇನ್ನೊಂದು ನನಗೆ ಬಹಳ ಹಿಡಿಸಿದ್ದು ಅಂಕಿತಗಳು. ಒಂದೇ ಕಾಲದವರು, ಒಂದೇ ದಾರೀಲಿ ನಡೆದವರು ಅಂತೀವಿ, ಆದ್ರೆ ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮರಿಗೆ ಗುಹೇಶ್ವರ. ಅಂಬಿಗರ ಚೌಡಯ್ಯನವರು ದೇವರ ಹೆಸರೇ ಹಾಕಲ್ಲ, ತಮ್ಮ ಹೆಸರನ್ನೇ ಅಂಕಿತ ಮಾಡ್ಕೊಂಡಿದಾರೆ. ಅಕ್ಕ ದೇವರನ್ನ ಗಂಡ ಅಂತ ಕರೀತಾಳೆ, ಅಲ್ಲಮರು ಬಯಲು ಅಂತಾರೆ. ಇವರಲ್ಲಿ ಯಾರ ತಿಳುವಳಿಕೆ ಸರಿ ಅಂತ ಕೇಳೋಕೆ ನನಗೆ ಬಾಯಿ ಬರಲ್ಲ. ಎಲ್ಲಾ ಒಂದೇ ಅಂತ ಹೇಳಿ ಮುಗಿಸೋದಕ್ಕೂ ಮನಸ್ಸು ಒಪ್ಪಲ್ಲ, ಯಾಕಂದ್ರೆ ಅವರೇ ಒಬ್ಬರನ್ನೊಬ್ಬರು ಎಷ್ಟು ಖಡಕ್ಕಾಗಿ ಪ್ರಶ್ನೆ ಮಾಡಿದಾರೆ.

ನನ್ನ ಜೊತೆ ಕೆಲಸ ಮಾಡೋ ಒಬ್ಬರು ಮಾಧ್ವರು. ಊಟದ ಹೊತ್ತಲ್ಲಿ ಮಾತು ಬಂದಾಗ ಅವರು ಹೇಳಿದ್ರು, ಅವರ ಸಿದ್ಧಾಂತದಲ್ಲಿ ನಾರಾಯಣನ ಗುಣ ಅನಂತ, ಸದಾ ಜೊತೇಲಿರೋ ಲಕ್ಷ್ಮಿಗೂ ಅವನು ಪೂರ್ತಿ ಗೊತ್ತಿಲ್ಲ, ಹೊಸ ಹೊಸ ಗುಣ ಕಾಣ್ತಾನೇ ಇರ್ತಾಳೆ ಅಂತ. ದೇವರು ಬೇರೆ, ಜೀವ ಬೇರೆ ಅಂತ ಅಷ್ಟು ಖಚಿತವಾಗಿ ಹೇಳೋ ಮತದಲ್ಲೂ ಈ ಮಾತಿದೆ ಅಂತ ಕೇಳಿ ನನ್ನ ತುತ್ತು ಕೈಯಲ್ಲೇ ಉಳೀತು.

2017-18ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಗಲಾಟೆ ಬಂತಲ್ಲ, 2018ರ ಮಾರ್ಚಲ್ಲಿ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡೋ ತೀರ್ಮಾನ ತಗೊಳ್ಳೋ ಹೊತ್ತಿಗೆ ನಮ್ಮ ಮನೆ ಎರಡು ಪಾಲಾಗಿತ್ತು. ಕಾಕಾ ಐವರು ಆಚಾರ್ಯರೇ ಮೂಲ ಅನ್ನೋ ಪಂಚಾಚಾರ್ಯ ಪರಂಪರೆ, ಕೈಲಾಸದ ಶಿವನೇ ಲಿಂಗ ಅಂತ. ಅವರ ಮಗ ಬಸವಣ್ಣನೇ ಮೂಲ, ನಮ್ಮದು ನಿರಾಕಾರ ಅಂತ. ಇಬ್ಬರ ಕೊರಳಲ್ಲೂ ಒಂದೇ ಥರದ ಕರಡಿಗೆ. ಯುಗಾದಿ ಊಟಕ್ಕೆ ಕೂತವರು ಬೇವು ಬೆಲ್ಲ ತಿನ್ನೋ ಮೊದಲೇ ಎದ್ದು ಹೋದ್ರು. ಆ ವರ್ಷ ನನ್ನ ಅಭಿಪ್ರಾಯವೂ ಒಂದು ಕಡೆ ಇತ್ತು, ಈಗ್ಲೂ ಇದೆ, ಇತಿಹಾಸದ ವಿಷಯ ಬಂದಾಗ ಕಾಕಾ ಹೇಳೋದು ನಾನು ಒಪ್ಪಲ್ಲ. ಆದ್ರೆ ಅದನ್ನ ದೇವರ ಬಗ್ಗೆ ನನಗೆ ಗೊತ್ತಿರೋ ಸತ್ಯ ಅಂತ ಹೇಳ್ಕೊಳ್ಳಲ್ಲ.

2021ರಲ್ಲಿ ಅಪ್ಪ ಹೋದ್ರು. ಶಿವಗಣಾರಾಧನೆ ಕಾರ್ಡಿನಲ್ಲಿ "ಲಿಂಗೈಕ್ಯರಾದರು" ಅಂತ ಅಚ್ಚು ಹಾಕಿಸೋಕೆ ಪ್ರೂಫ್ ಬಂತು, ತಪ್ಪು ತಿದ್ದೋ ಕೆಲಸ ನನ್ನದು. ಆ ಒಂದು ಪದದ ಮೇಲೆ ಪೆನ್ ಇಟ್ಟು ಬಹಳ ಹೊತ್ತು ಕೂತೆ. ಐಕ್ಯ ಆದ್ರು ಅಂತ ನನಗೆ ಗೊತ್ತಾ? ಗೊತ್ತಿಲ್ಲ. ಆಗ್ಲಿ ಅಂತ ಆಸೆ ಇದೆ, ಆಗಿದಾರೆ ಅಂತ ನಂಬಿಕೆ ಇದೆ, ಆ ಮನುಷ್ಯನ ಬದುಕು ನೋಡಿದವಳಿಗೆ ಬೇರೆ ಥರ ಯೋಚನೆ ಮಾಡೋಕೂ ಆಗಲ್ಲ. ಪದ ಹಾಗೇ ಬಿಟ್ಟೆ. ಸುಳ್ಳು ಹೇಳಿದ ಹಾಗೆ ಅನಿಸಲಿಲ್ಲ. ಕೂರಿಸಿ ಸಮಾಧಿ ಮಾಡುವಾಗ ಅವರ ಎಡಗೈಯಲ್ಲಿ ಲಿಂಗ ಇಟ್ರು, ಬೆರಳು ಮಡಚಿದ್ದು ನೋಡಿದೆ, ಅಷ್ಟೇ ನನಗೆ ಗೊತ್ತಿರೋದು.

ನನ್ನ ಅಕ್ಕನ ಮಗ ದೇವರನ್ನ ನಂಬಲ್ಲ, ಅವನು ನೋಟ್‌ಬುಕ್ ವಿಷಯ ಕೇಳಿ, ಚಿಗವ್ವ ಮೂರು ಸಲ ತಪ್ಪಾದ್ರ ನಾಲ್ಕನೇದೂ ತಪ್ಪ ಇರತದ, ಬಿಟ್ಟುಬಿಡ್ರಿ ಅಂದ. ನ್ಯಾಯವಾದ ಮಾತು, ಒಂದು ರಾತ್ರಿ ಪೂರಾ ಯೋಚನೆ ಮಾಡ್ದೆ. ನಾಲ್ಕನೇದೂ ತಪ್ಪಿರಬಹುದು, ಒಪ್ತೀನಿ. ಆದ್ರೆ ಅದು ದೀಪದ ಬೆಳಕು ಅಂತ ಗೊತ್ತಾಗಿದ್ದು ನನಗೆ ಪೂಜೆಗೆ ಕೂತಾಗಲೇ. ದೇವರು ಇಂಥವನು ಅಂತ ಕೈ ಇಟ್ಟು ತೋರಿಸೋಕೆ ಆಗದಿದ್ರೂ ಇದು ದೇವರಲ್ಲ ಅಂತ ಕೆಲವನ್ನ ಪಕ್ಕಕ್ಕೆ ಇಡೋಕೆ ಬರುತ್ತೆ, ದೀಪಕ್ಕೆ ಕೈ ಅಡ್ಡ ಹಿಡಿದು ನೋಡಬಹುದು. ನಾನು ಬೇಡ ಅನ್ನೋರನ್ನೆಲ್ಲ ಬೇಡ ಅನ್ನೋ ದೇವರು, ನನ್ನ ಜಾತಿ ಒಳಪಂಗಡದ ಸಿಟ್ಟನ್ನೆಲ್ಲ ತನ್ನದು ಅನ್ನೋ ದೇವರು, ಮಗು ಕಳ್ಕೊಂಡವಳಿಗೆ ಲೆಕ್ಕ ಹೇಳೋ ದೇವರು, ಇವೆಲ್ಲ ಅಡ್ಡ ಹಿಡಿದ ಕೂಡ್ಲೆ ಆರಿ ಹೋದವು. ಅಷ್ಟರ ಮಟ್ಟಿಗೆ ನನಗೆ ಖಚಿತ ಇದೆ. ಉಳಿದಿದ್ದರ ಬಗ್ಗೆ ಇಲ್ಲ, ಆದ್ರೂ ಕೂರ್ತೀನಿ, ಅಪ್ಪ ಕೂತ ಹಾಗೆ.

ದೊಡ್ಡವ್ವನ ಹತ್ರ ಹೋಗಿದ್ದು ಅಪ್ಪ ಹೋದ ಮರುವರ್ಷ. ಅಷ್ಟು ವರ್ಷ ಯಾಕೆ ಹೋಗಲಿಲ್ಲ ಅಂದ್ರೆ ನಾಚಿಕೆ, ಬೇರೆ ಏನಿಲ್ಲ. ಆಪರೇಷನ್ ಆದ್ರೂ ಆಮೇಲೆ ಅವರಿಗೆ ದೃಷ್ಟಿ ಪೂರ್ತಿ ಹೋಗಿತ್ತು. ಹಳೇ ಮಾತು ನೆನಪು ಮಾಡಿ, ತಪ್ಪಾತ್ರಿ ದೊಡ್ಡವ್ವ ಅಂತ ಕಾಲು ಮುಟ್ಟಿದೆ. ಅವರಿಗೆ ಅದು ನೆನಪಿತ್ತು.

"ಅವತ್ತ ಮನಸ್ಸಿಗೆ ಭಾಳ ಹತ್ತಿತ್ತವಾ. ಆದ್ರ ನನಗ ಮೊದಲಿಂದ ಕಣ್ಣಿನ ಕಡೆ ಲಕ್ಷ್ಯ ಇಲ್ಲ. ನನಗ ಕೈಯಾಗಿನ ಭಾರ ಅಷ್ಟ. ಇಟ್ಕೊಂಡ ಕುಂತ್ರ ಹೊತ್ತ ಹೋಧಾಂಗ ಭಾರ ಆಕ್ಕೋತ ಹೋಗತದ, ಕಡೀಕ ಕೈ ಯಾವುದು ಲಿಂಗ ಯಾವುದು ಅನ್ನೂದ ತಿಳೀದಂಗಾಗತದ."

ಅವರ ಅಂಗೈ ಚಾಚಿ ತೋರಿಸಿದ್ರು. ನಡುವಲ್ಲಿ ಗುಂಡಗೆ, ಉಳಿದ ಚರ್ಮಕ್ಕಿಂತ ಸ್ವಲ್ಪ ನುಣುಪು.

ಈ ವರ್ಷದ ಪುಟ ಅರ್ಧ ಖಾಲಿ ಇದೆ, ಪೆನ್ ಒತ್ತಿಲ್ಲ. ಮಳೆಗಾಲದಲ್ಲಿ ಗಾಳಿಗೆ ದೀಪ ಆರಿದ್ರೆ ಈಗ ಮತ್ತೆ ಹಚ್ಚೋಕೆ ಏಳಲ್ಲ, ಕತ್ತಲಲ್ಲೇ ಎಡಗೈನ ಎದೆ ಮಟ್ಟಕ್ಕೆ ಹಿಡಿದು ಭಾರ ಬರೋ ತನಕ ಕೂರ್ತೀನಿ. ಕೆಲವು ದಿನ ಬರುತ್ತೆ.