ಎಂಆರ್‌ಐ ಸರಿಯಿದೆ, ಕೆನ್ನೆ ಸರಿಯಿಲ್ಲ

ಸ್ಕ್ಯಾನ್‌ನಲ್ಲಿ ಏನೂ ಕಾಣದ ಮಾತ್ರಕ್ಕೆ ನೋವು ಸುಳ್ಳಲ್ಲ. ಟ್ರೈಜೆಮಿನಲ್ ನರಶೂಲೆಯನ್ನು, ಅಂದರೆ ಮುಖದ ಸ್ಪರ್ಶ ತಿಳಿಸುವ ನರದಲ್ಲಿ ಶಾಕ್ ಹೊಡೆದಂತೆ ಬರುವ ನೋವನ್ನು, ವೈದ್ಯರು ಗುರುತಿಸುವುದು ಮುಖ್ಯವಾಗಿ ನಾವು ಹೇಳುವ ಲಕ್ಷಣಗಳಿಂದ. ಎಂಆರ್‌ಐ ಇರುವುದು ಗಡ್ಡೆಯಂಥ ಬೇರೆ ಕಾರಣಗಳನ್ನು, ನರವನ್ನು ಒತ್ತುವ ರಕ್ತನಾಳವನ್ನು ಹುಡುಕಲು. ಆದ್ದರಿಂದ ಬರೆದಿಡಿ: ಯಾವ ಬದಿ, ಎಷ್ಟು ಸೆಕೆಂಡು, ಏನು ತಾಗಿದಾಗ. ನನ್ನ ಚೀಟಿಯಲ್ಲಿ ‘ಬಲ ಮೇಲ್ದವಡೆ, ಮುಖ ತೊಳೆಯುವಾಗ, ಫ್ಯಾನ್ ಗಾಳಿಗೆ’ ಎಂದಿತ್ತು; ವೈದ್ಯರು ಫಿಲ್ಮಿಗಿಂತ ಅದನ್ನೇ ಹೆಚ್ಚು ಹೊತ್ತು ನೋಡಿದರು.

ಹಲ್ಲುನೋವೆಂದುಕೊಂಡು ಹಲ್ಲು ಕೀಳಿಸಲು ಅವಸರ ಬೇಡ. ಈ ನರನೋವಿಗೆ ಕೊಡುವ ಕಾರ್ಬಮಜೆಪಿನ್ ಮಾತ್ರೆಯಿಂದ ಮಂಪರು, ತಲೆಸುತ್ತು ಬರಬಹುದು. ಅದು ರಕ್ತದ ಸೋಡಿಯಂ ಇಳಿಸಬಹುದು, ಪರೀಕ್ಷೆಯ ಬಗ್ಗೆ ಕೇಳಿ. ಮೈಮೇಲೆ ದದ್ದು ಎದ್ದರೆ ಅಂದೇ ವೈದ್ಯರಿಗೆ ತೋರಿಸಿ. ನೋವು ತಗ್ಗಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಡುತ್ತೇನೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಎಡಗಡೆ ಅಗಿಯುತ್ತೇನೆ. ‘ಎಲ್ಲಾ ಮನಸ್ಸಿನದು’ ಎನ್ನುವ ನೆಂಟರಿಗೆ ಉತ್ತರಿಸಿ ದವಡೆ ದಣಿಸುವುದಿಲ್ಲ. ಮಾತ್ರೆ ಸಾಲದಾದರೆ ನರಶಸ್ತ್ರಚಿಕಿತ್ಸಕರನ್ನು ಕಾಣಿ, ಅಲ್ಲಿಯೂ ದಾರಿಗಳಿವೆ.