ಇಯರ್‌ಫೋನ್ ಕೊಳ್ಳಲು ಹೆಲ್ಮೆಟ್ ಹಿಡಿದುಕೊಂಡೇ ಹೋಗಿ

ಬೈಕ್ ಸವಾರಿಗೆಂದು ಇಯರ್‌ಫೋನ್ ಕೊಳ್ಳುವವರು ಹೆಲ್ಮೆಟ್ಟನ್ನು ಗಾಡಿಗೆ ಸಿಕ್ಕಿಸಿ ಅಂಗಡಿಗೆ ಹೋಗಬಾರದು. ಬೆಳಗಾವಿಯ ಖಡೇಬಜಾರ್ ಇರಲಿ, ಬೇರೆ ಯಾವ ಪೇಟೆಯೇ ಇರಲಿ, ಮಾತೆಲ್ಲ ಬಾಸ್, ಅಂದರೆ ಹಾಡಿನ ತಗ್ಗು ದನಿಯ ಗುಡುಗು, ಎಷ್ಟು ಚೆನ್ನಾಗಿದೆ ಎಂಬುದರ ಸುತ್ತಲೇ ನಡೆಯುತ್ತದೆ. ಸವಾರನಿಗೆ ಬಾಸ್ ಕೊನೆಗೆ ನೋಡುವ ಮಾತು. ಇಯರ್‌ಫೋನ್ ಗಾಳಿಯ ಸದ್ದನ್ನು ತಡೆಯಬೇಕು, ಕಿವಿಯಿಂದಾಚೆ ಚಾಚಬಾರದು.

ಗಾಳಿಯ ಸದ್ದನ್ನು ಹಗುರವಾಗಿ ಎಣಿಸುವವರೇ ಹೆಚ್ಚು. ವೇಗ ಗಂಟೆಗೆ 60–70 ಕಿ.ಮೀ. ದಾಟಿತೆಂದರೆ ಎಂಜಿನ್‌ಗಿಂತ ಗಾಳಿಯದೇ ಅಬ್ಬರ. ನೂರರ ಹತ್ತಿರ ಬಂದಾಗ ಹೆಲ್ಮೆಟ್‌ನೊಳಗೆ 95 ಡೆಸಿಬೆಲ್ ಆಗುವುದು ಮಾಮೂಲು. ಕಿವಿಗೆ 85 ಡೆಸಿಬೆಲ್ ಸದ್ದು ದಿನಕ್ಕೆ ಎಂಟು ಗಂಟೆಯವರೆಗೆ ಮಿತಿ ಎನ್ನುತ್ತಾರೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧಕ್ಕಿಳಿಯುತ್ತದೆ. 94ಕ್ಕೆ ಉಳಿಯುವುದು ಒಂದೇ ಗಂಟೆ. ಬೆಳಗಾವಿಯಿಂದ ಧಾರವಾಡ ಮುಟ್ಟುವುದರೊಳಗೆ ಅದು ಖರ್ಚಾಗಿರುತ್ತದೆ. ಇದರ ಮೇಲೆ ಹಾಡು ಕೇಳಿಸುತ್ತಿಲ್ಲವೆಂದು ವಾಲ್ಯೂಮ್ ಏರಿಸಿದರೆ ಕಿವಿಯ ಗತಿ ಏನು?

ಆದ್ದರಿಂದ ಮೊದಲು ತುದಿಯ ರಬ್ಬರ್ ನೋಡಿ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಅಳತೆ ಇರುತ್ತವೆ. ಎಡಗಿವಿಗೆ ಒಂದು, ಬಲಗಿವಿಗೆ ಇನ್ನೊಂದು ಅಳತೆ ಸರಿಹೋದರೆ ಅಚ್ಚರಿಯಿಲ್ಲ. ಹಾಕಿಕೊಂಡು, ಏನನ್ನೂ ನುಡಿಸದೆ, ‘ಈ’ ಎಂದು ಜೋರಾಗಿ ಎಳೆಯಿರಿ. ನಿಮ್ಮ ದನಿ ತಲೆಯೊಳಗೇ ಗುಂಯ್‌ಗುಟ್ಟಿದರೆ ಕಿವಿ ಮುಚ್ಚಿದೆ ಎಂದರ್ಥ. ರಬ್ಬರಿಗಿಂತ ಫೋಮ್ ತುದಿ ಚೆನ್ನಾಗಿ ಮುಚ್ಚುತ್ತದೆ. ಅದನ್ನು ಬೆರಳಲ್ಲಿ ಹೊಸೆದು ಸಣ್ಣದಾಗಿಸಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು ಒಳಗಿಡಿ. ಅರ್ಧ ನಿಮಿಷ ಹಿಡಿದುಕೊಂಡರೆ ಅರಳಿ ಕೂರುತ್ತದೆ. ವಿಜಯಪುರದ ಬೇಸಿಗೆಯ ಬೆವರಿಗೆ ಫೋಮ್ ಬೇಗ ಸವೆಯುತ್ತದೆ, ಬಿಡಿ ಜೋಡಿಯನ್ನೂ ಕೊಳ್ಳಿ. ಇಯರ್‌ಫೋನ್‌ಗೆ ಬೆವರು, ನೀರಿನ ಸಿಡಿತ ತಡೆಯುವ ಐಪಿಎಕ್ಸ್4 ದರ್ಜೆಯಾದರೂ ಇರಲಿ.

ಆಮೇಲೆ ಆಕಾರ. ಕಡ್ಡಿಯಂತೆ ಕೆಳಗಿಳಿಯುವ ಮಾದರಿಗಳನ್ನು ಪಕ್ಕಕ್ಕಿಡಿ, ಹೆಲ್ಮೆಟ್‌ನ ಕೆನ್ನೆಯ ಮೆತ್ತೆ ಅವನ್ನು ಕಿತ್ತೇ ಬಿಡುತ್ತದೆ. ಅಂಗೈಯನ್ನು ಕಿವಿಯ ಮೇಲೆ ಚಪ್ಪಟೆಯಾಗಿಡಿ: ಕಿವಿಯ ಅಂಚಿಗಿಂತ ಮೊದಲು ಇಯರ್‌ಫೋನ್ ತಾಗಿದರೆ ಅದು ಬೇಡ. ತಾಗದಿದ್ದರೆ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಅಂಗಡಿಯಲ್ಲೇ ಹತ್ತು ನಿಮಿಷ ನಿಲ್ಲಿ. ಅಂಗಡಿಯವರು ನಕ್ಕರೆ ನಗಲಿ. ಅಲ್ಲಿ ಚುಚ್ಚಿದ್ದು ಬಾಗಲಕೋಟೆ ದಾರಿಯ ಲೋಕಾಪುರ ದಾಟುವ ಹೊತ್ತಿಗೆ ಸಹಿಸಲಾಗದ ನೋವಾಗುತ್ತದೆ. ಮುಟ್ಟಿದರೆ ಕೆಲಸ ಮಾಡುವ ಗುಂಡಿಗಳನ್ನು ಆ್ಯಪ್‌ನಲ್ಲಿ ನಿಷ್ಕ್ರಿಯಗೊಳಿಸಲು ಬರುತ್ತದೆಯೇ ಕೇಳಿ, ಇಲ್ಲವಾದರೆ ಮೆತ್ತೆಯೇ ಕರೆ ಸ್ವೀಕರಿಸುತ್ತದೆ. ವೈರ್ ಇರುವುದಾದರೆ ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ಅಂಗಿಯ ಕಾಲರ್‌ನೊಳಗೆ ಬಿಡುವಂಥದ್ದು ಉತ್ತಮ.

ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು ಅಳಿಸುವ ನಾಯ್ಸ್ ಕ್ಯಾನ್ಸಲೇಶನ್‌ಗೆಂದೇ ಹೆಚ್ಚು ಹಣ ಸುರಿಯಬೇಡಿ. ಬಸ್ಸಿನ ಒಂದೇ ಸಮನೆಯ ಮೊರೆತಕ್ಕೆ ಅದು ಸರಿ. ಮೈಕಿಗೆ ನೇರ ಬಡಿಯುವ ಗಾಳಿಗೆ ತಡವರಿಸುತ್ತದೆ.

ವಾಲ್ಯೂಮ್ ಅನ್ನು ಗಾಡಿ ನಿಂತಿರುವಾಗಲೇ ಹೊಂದಿಸಿ: ಪಕ್ಕದವರ ಮಾತು ಕೇಳಿಸುವಷ್ಟು ಕಡಿಮೆ ಇರಲಿ, ವೇಗ ಏರಿದಾಗ ಹೆಚ್ಚಿಸಬೇಡಿ. ಕಬ್ಬು ಕಡಿಯುವ ಕಾಲದಲ್ಲಿ ಮುಧೋಳ, ಜಮಖಂಡಿ ಕಡೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳಲ್ಲಿ ಸ್ಪೀಕರ್ ಅಬ್ಬರಿಸುತ್ತಿರುತ್ತದೆ. ಆ ಚಾಲಕನಿಗೆ ನಿಮ್ಮ ಹಾರ್ನ್ ಕೇಳಿಸುವುದಿಲ್ಲ, ನಿಮಗಾದರೂ ರಸ್ತೆ ಕೇಳಿಸಬೇಕು. ನನ್ನನ್ನು ಕೇಳಿದರೆ ಅಂಥ ರಸ್ತೆಯಲ್ಲಿ ಹಾಡೇ ಬೇಡ, ದಾರಿ ಹೇಳುವ ನಕ್ಷೆಯ ದನಿ ಸಾಕು. ಊರೊಳಗೆ ಎರಡೂ ಕಿವಿಯಿಂದ ಇಯರ್‌ಫೋನ್ ತೆಗೆದುಬಿಡಿ. ಪೊಲೀಸರು ಕಂಡರೆ ನಿಲ್ಲಿಸಿಯಾರು. ಸವಾರಿಯಲ್ಲಿ ಮೊಬೈಲ್ ಕೈಯಲ್ಲಿ ಹಿಡಿದು ಮಾತನಾಡುವುದಂತೂ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಡಿ ಅಪರಾಧ.

ವೈರ್ ಇಲ್ಲದ್ದು ಕಳೆದುಹೋಗುವುದು ಹೆಚ್ಚಾಗಿ ಹೆಲ್ಮೆಟ್ ತೆಗೆಯುವಾಗ. ಎರಡೂ ಪಟ್ಟಿ ಹಿಡಿದು ಹೊರಕ್ಕೆ ಅಗಲಿಸಿ, ನಿಧಾನವಾಗಿ ಎತ್ತಿ. ಒಂದು ಬದಿಯದು ಕಳೆದರೆ ಬಿಡಿಯಾಗಿ ಸಿಗುತ್ತದೆಯೇ ಎಂಬುದನ್ನು ಬಿಲ್ ಮಾಡಿಸುವ ಮುನ್ನವೇ ಕೇಳಿಕೊಳ್ಳಿ.