ಹದಿನೆಂಟು ತುಂಬಿದ ಮಕ್ಕಳು ಮತ್ತು ಕ್ಯಾಲಿಫೋರ್ನಿಯಾದ ಕಾನೂನು

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರು ಇಲ್ಲಿನ ಕ್ರಿಮಿನಲ್ ಕಾನೂನಿನ ಎರಡು ವಯಸ್ಸುಗಳನ್ನು ತಿಳಿದಿರಬೇಕು. ಕೇಸು ಯಾವ ಕೋರ್ಟಿಗೆ ಹೋಗುತ್ತದೆ ಅನ್ನುವುದಕ್ಕೆ 18. ದೊಡ್ಡ ಶಿಕ್ಷೆಯಾದವರಿಗೆ ಪೆರೋಲ್ (ಅವಧಿಗೆ ಮೊದಲೇ ಷರತ್ತಿನ ಮೇಲೆ ಬಿಡುಗಡೆ) ವಿಚಾರಣೆ ಬೇಗ ಸಿಗುತ್ತದೋ ಇಲ್ಲವೋ ಅನ್ನುವುದಕ್ಕೆ 25.

ಎರಡನೆಯ ಅಂಕಿ ಬಂದದ್ದು ಮಿದುಳಿನ ಅಧ್ಯಯನಗಳಿಂದ. ದುಡುಕನ್ನು ತಡೆದು ಹಿಂದುಮುಂದು ಯೋಚಿಸುವಂತೆ ಮಾಡುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಪೂರ್ತಿ ಬಲಿಯುವಷ್ಟರಲ್ಲಿ ವಯಸ್ಸು ಇಪ್ಪತ್ತೈದರ ಆಸುಪಾಸು ಬಂದಿರುತ್ತದೆ. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರೋಪರ್ ವಿರುದ್ಧ ಸಿಮನ್ಸ್ ಪ್ರಕರಣದಲ್ಲಿ, 18 ತುಂಬುವ ಮೊದಲು ಮಾಡಿದ ಅಪರಾಧಕ್ಕೆ ಮರಣದಂಡನೆ ಕೂಡದು ಎಂದಿತು. ಹದಿನೆಂಟಾದ ಕೂಡಲೇ ಎಳೆತನ ಹೋಗಿಬಿಡುವುದಿಲ್ಲ ಎಂದು ಒಪ್ಪಿಕೊಂಡೇ ಆ ಗೆರೆ ಎಳೆಯಿತು.

ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಯಿತು. 2013ರಲ್ಲಿ ಅಪ್ರಾಪ್ತರಿಗೆಂದು ಮಾಡಿದ ಪೆರೋಲ್ ಕಾನೂನನ್ನು 2017ರ ಹೊತ್ತಿಗೆ 25ರವರೆಗೆ ವಿಸ್ತರಿಸಿತು. ಅಪರಾಧ ನಡೆದಾಗ ಆ ವಯಸ್ಸಿನೊಳಗಿದ್ದವರಿಗೆ, ಶಿಕ್ಷೆಗೆ ತಕ್ಕಂತೆ, ಜೈಲುವಾಸದ 15, 20 ಅಥವಾ 25ನೇ ವರ್ಷದಲ್ಲಿ ವಿಚಾರಣೆ ಸಿಗುತ್ತದೆ. 18 ದಾಟಿದ ಮೇಲಿನ ಅಪರಾಧಕ್ಕೆ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯಾದವರಿಗೆ ಇದಿಲ್ಲ. 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಭೇದವನ್ನು ಎತ್ತಿಹಿಡಿಯಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 18ರಿಂದ 20ರವರಿಗೆ ಅಂಥ ಶಿಕ್ಷೆಯೇ ಸಲ್ಲದು ಎಂದಿತು. ನನಗೆ ಸರಿ ಕಾಣುವುದು ಮ್ಯಾಸಚೂಸೆಟ್ಸ್‌ನ ತೀರ್ಪು.

ಆದರೆ ಈ ರಿಯಾಯಿತಿಯೆಲ್ಲ ಜೈಲಿನಲ್ಲಿ ವರ್ಷಗಟ್ಟಲೆ ಕಳೆದ ಮೇಲಿನದು. ಪೊಲೀಸರ ಎದುರು ಕೂತ ಮೊದಲ ಗಂಟೆಯಲ್ಲಿ ನಡೆಯುವುದು 18ರ ಲೆಕ್ಕವೇ. ಹದಿನೇಳರ ಹುಡುಗನನ್ನು ವಶಕ್ಕೆ ತೆಗೆದುಕೊಂಡರೆ, ಅವನು ವಕೀಲರ ಜೊತೆ ಮಾತಾಡದೆ ಪೊಲೀಸರು ಪ್ರಶ್ನೆ ಕೇಳುವಂತಿಲ್ಲ. ಬೇಡ ಎಂದು ಅವನೇ ಬಿಟ್ಟುಕೊಡಲೂ ಆಗದು. ಹದಿನೆಂಟಾದ ಮರುದಿನ ಆ ರಕ್ಷಣೆ ಇಲ್ಲ. ಅಪ್ಪ-ಅಮ್ಮನಿಗೆ ತಿಳಿಸುವ ಕರ್ತವ್ಯವೂ ಪೊಲೀಸರಿಗಿಲ್ಲ. ನಮ್ಮ ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. "ನಿಜ ಹೇಳಿಬಿಡು ಮಗಾ, ಏನೂ ಆಗಲ್ಲ" ಎಂದು ಕೇಳಿ ಬೆಳೆದವರು. ದೊಡ್ಡವರು ಪ್ರಶ್ನೆ ಕೇಳಿದರೆ ಸುಮ್ಮನಿರುವುದು ಅವರಿಗೆ ಉದ್ಧಟತನ ಅನ್ನಿಸುತ್ತದೆ. "ಐ ವಾಂಟ್ ಎ ಲಾಯರ್, ಐ ವಿಲ್ ನಾಟ್ ಆನ್ಸರ್ ಕ್ವೆಶ್ಚನ್ಸ್" ಎಂದು ಬಾಯಿಬಿಟ್ಟು ಹೇಳುವುದನ್ನು ಅವರಿಗೆ ಈಗಲೇ ಕಲಿಸಿ. ಬರೀ ಮೌನವಾಗಿ ಕೂತರೆ ಸಾಲದು, 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹಾಗೆಂದಿದೆ. ಸುಳ್ಳನ್ನಂತೂ ಹೇಳಲೇಬಾರದು.

ಎಚ್4 ವೀಸಾ (ಎಚ್1ಬಿಯಂಥ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಅಥವಾ ಗ್ರೀನ್ ಕಾರ್ಡ್ ಮೇಲಿರುವ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಾಲ ನ್ಯಾಯಾಲಯದ ತೀರ್ಮಾನವನ್ನು ವಲಸೆ ಕಾನೂನು ಸಾಮಾನ್ಯವಾಗಿ ಕನ್ವಿಕ್ಷನ್ (ಅಪರಾಧ ಸಾಬೀತು) ಎಂದು ಎಣಿಸುವುದಿಲ್ಲ. ವಯಸ್ಕರ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರೆ ಎಣಿಸುತ್ತದೆ, ಜೈಲಾಗದೆ ಬರೀ ಪ್ರೊಬೇಷನ್ (ಹೊರಗಿದ್ದೇ ನಿಗಾವಣೆ) ಆದರೂ. ಅಂಗಡಿಯಿಂದ ಏನೋ ಎತ್ತಿಕೊಂಡ ಸಣ್ಣ ಕೇಸೂ ವೀಸಾಕ್ಕೆ ಕುತ್ತು ತರಬಹುದು. "ಪ್ಲೀ ಮಾಡಿ ಮುಗಿಸಿಬಿಡೋಣ", ಅಂದರೆ ತಪ್ಪೊಪ್ಪಿಕೊಂಡು ಕೇಸು ಮುಗಿಸೋಣ ಎಂದು ಯಾರಾದರೂ ಅವಸರಪಡಿಸಿದರೆ ಒಪ್ಪಬೇಡಿ. ಗಡೀಪಾರಿನ ಅಪಾಯವಿದ್ದರೆ ಅದನ್ನು ತಿಳಿಸುವುದು ಡಿಫೆನ್ಸ್ ವಕೀಲರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟಿನ ಪಡಿಲ್ಲಾ ತೀರ್ಪು ಹೇಳುತ್ತದೆ. ಸರ್ಕಾರವೇ ಕೊಡುವ ಪಬ್ಲಿಕ್ ಡಿಫೆಂಡರ್‌ಗೂ ಅದು ಅನ್ವಯಿಸುತ್ತದೆ. ಸಹಿ ಹಾಕುವ ಮೊದಲು ಅವರನ್ನು ನೇರವಾಗಿ ಕೇಳಿ, ಜೊತೆಗೆ ವಲಸೆ ವಕೀಲರೊಬ್ಬರಿಗೂ ಕಾಗದಪತ್ರ ತೋರಿಸಿ.